ನಳಿಗೆಯ ಅಂಚಿಗಿಟ್ಟ ಗಂಧ

ಆಯುಧಪೂಜೆಯ ದಿನ ನಮ್ಮ ಜಯನಗರದ ಮನೆಯಲ್ಲಿ ಮಿಕ್ಸಿಗೂ ಒಂದು ಗಂಧದ ಬೊಟ್ಟು, ತಲೆಯ ಮೇಲೊಂದು ಸೇವಂತಿಗೆ. ವರ್ಷವಿಡೀ ಬೀದಿಗೆಲ್ಲ ಕೇಳುವಂತೆ ಅರಚುವ ಆ ಯಂತ್ರ ಅಂದೊಂದು ದಿನ ಮದುಮಗಳ ಹಾಗೆ ಬಾಯಿ ಮುಚ್ಚಿ ಕೂತಿರುತ್ತದೆ. "ನೀನೂ ಹೀಗಿರಬಾರ್ದೇನೆ? ನಿನ್ನ ಗಂಟಲು ಮಿಕ್ಸಿಗಿಂತ ಜೋರು" ಎನ್ನುತ್ತಿದ್ದರು ನಮ್ಮತ್ತೆ. ಜೋರೇ, ಒಪ್ಪುತ್ತೇನೆ. ಆದರೆ ನನ್ನ ಕಸುಬು ಏನು ಬಲ್ಲಿರಾ? ಸದ್ದಡಗಿಸುವುದು.

ಅದು ಎಂಬತ್ತರ ದಶಕದ ಆರಂಭ. ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕರ ವಿಮಾನ ಪರದೇಶಗಳ ಆಕಾಶದಲ್ಲಿ ಆಗಲೇ ಓಡಾಡುತ್ತಿತ್ತು. ಅದು ಮೇಲೇಳುವಾಗಿನ ಆರ್ಭಟಕ್ಕೆ ನಿಲ್ದಾಣದ ಸುತ್ತಲಿನವರು ಶಾಪ ಹಾಕುತ್ತಿದ್ದರು. ನಾನಿದ್ದ ಪ್ರಯೋಗಾಲಯದಲ್ಲಿ ಹೆಬ್ಬೆರಳ ಗಾತ್ರದ ಹಿತ್ತಾಳೆಯ ನಳಿಗೆಯಿಂದ, ಅದುಮಿಟ್ಟ ಗಾಳಿಯನ್ನು ಶಬ್ದವನ್ನೂ ಮೀರುವ ವೇಗದಲ್ಲಿ ಚಿಮ್ಮಿಸಿ, ಸುತ್ತ ಮೈಕುಗಳನ್ನಿಟ್ಟು ಸದ್ದನ್ನು ಅಳೆಯುತ್ತಿದ್ದೆವು. ಗುಡುಗಿನಂಥ ಮೊರೆತ ಒಂದು. ಅದರ ಮೇಲೆ ಹಲ್ಲು ಜುಮ್ಮೆನ್ನಿಸುವ ಚೀರಾಟ ಇನ್ನೊಂದು. ಚಿಮ್ಮಿದ ಗಾಳಿಯ ಧಾರೆಯಲ್ಲಿ ಎದ್ದ ಸದ್ದು ಹಿಂದಿರುಗಿ ನಳಿಗೆಯ ಅಂಚಿಗೆ ಬಡಿದು, ಹೊರಬರುವ ಗಾಳಿಯನ್ನು ಕಲಕಿ, ಮತ್ತಷ್ಟು ಸದ್ದಾಗುವುದರಿಂದ ಹುಟ್ಟುವ ಚೀರಾಟವದು. ಅತ್ತೆ ಸೊಸೆಯರ ಜಗಳ ಬೆಳೆಯುವುದೂ ಹೀಗೆಯೇ. "ನಮ್ಮಲ್ಲಿ ಇಲ್ಲದ ವಿಮಾನದ ಸದ್ದು ನಮಗ್ಯಾಕೆ?" ಎಂದ ಮೇಲಿನವರು, ದಸರಾ ಕಳೆದ ಮೇಲೆ ನನ್ನ ಪ್ರಯೋಗವನ್ನು ಮುಚ್ಚುವುದೆಂದು ತೀರ್ಮಾನಿಸಿದ್ದರು. ನನಗೆ ಮೈಯೆಲ್ಲ ಉರಿದಿತ್ತು.

ಮುಚ್ಚುತ್ತಾರೆಂದು ಪೂಜೆ ಬಿಡಲಾದೀತೇ? ನಳಿಗೆಯ ಅಂಚಿಗೇ ದಪ್ಪಗೆ ಗಂಧ ಮೆತ್ತಿ, ಅದರಲ್ಲಿ ಅಕ್ಷತೆಯ ಕಾಳೊಂದನ್ನು ಒತ್ತಿ ಬಂದೆ. ರಜೆ ಮುಗಿಸಿ ಹೋದವಳು ಒರೆಸಲು ಮರೆತು ಗಾಳಿ ಬಿಟ್ಟರೆ, ಮೊರೆತವಿದೆ, ಚೀರಾಟವಿಲ್ಲ. ಒಣಗಿ ಕಲ್ಲಾಗಿದ್ದ ಗಂಧ ಅಲುಗಿರಲಿಲ್ಲ.

ಮುಖ್ಯಸ್ಥರು ಬಗ್ಗಿ ನೋಡಿದರು. "ಒರೆಸಿಬಿಡಮ್ಮ. ಇದು ರೀಡಿಂಗ್ ಅಲ್ಲ, ಕೊಳೆ."

"ಒರೆಸಿದ್ರೆ ಮತ್ತೆ ಚೀರುತ್ತೆ ಸಾರ್. ಯಾಕೆ ಅಂತ ನೋಡ್ಬೇಕಲ್ವಾ?"

"ಸ್ವಲ್ಪ ಮೆಲ್ಲಗೆ ಮಾತಾಡಮ್ಮ."

"ಮೆಲ್ಲಗೆ ಮಾತಾಡಿದ್ರೆ ಈ ರೂಮಲ್ಲಿ ಯಾರಿಗೆ ಕೇಳುತ್ತೆ ಸಾರ್?"

ನೋಡಿದರೆ, ಅಂಚಿನ ಆ ಉಬ್ಬು ಗಾಳಿಯ ಧಾರೆಯನ್ನು ಒಂದು ಕಡೆ ಸೀಳಿ, ಸದ್ದಿಗೂ ಗಾಳಿಗೂ ನಡುವಿನ ಜಗಳದ ತಾಳ ತಪ್ಪಿಸುತ್ತಿತ್ತು. ಗಂಧವಿದ್ದ ಜಾಗದಲ್ಲೇ ಅಷ್ಟೇ ಗಾತ್ರದ ಹಿತ್ತಾಳೆಯ ಹಲ್ಲೊಂದನ್ನು ಕೂರಿಸಿದೆ. ಮೇಲಿನವರು ಬಂದ ದಿನ ಹಲ್ಲು ತೆಗೆದು ಗಾಳಿ ಬಿಟ್ಟೆ. ಎಲ್ಲರೂ ಕಿವಿ ಮುಚ್ಚಿಕೊಂಡರು. ಹಲ್ಲು ಕೂರಿಸಿ ಬಿಟ್ಟೆ. ಒಬ್ಬೊಬ್ಬರೇ ಕೈ ಇಳಿಸಿದರು. ಪ್ರಯೋಗ ಮುಚ್ಚುವ ಮಾತನ್ನು ಅಂದು ಯಾರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಮೊರೆತ ಮಾತ್ರ ಉಳಿಯಿತು, ಗೆಳೆಯರೇ. ಅದನ್ನೂ ಅಡಗಿಸಹೊರಟರೆ ವಿಮಾನವನ್ನು ಮುಂದಕ್ಕೆ ನೂಕುವ ಬಲವೂ ಕುಗ್ಗುತ್ತದೆ. ಎಷ್ಟು ಕುಗ್ಗಿದರೆ ನಡೆದೀತು ಎಂಬುದೇ ನಮ್ಮ ಮುಂದಿನ ವರ್ಷಗಳ ಲೆಕ್ಕವಾಯಿತು. ಸುಮ್ಮನಿರು ಎಂದು ಗದರಿದರೆ ಯಾವ ಸದ್ದೂ ಸುಮ್ಮನಾಗುವುದಿಲ್ಲ. ಯಾಕೆ ಚೀರುತ್ತಿದೆ ಎಂದು ಹತ್ತಿರ ಹೋಗಿ ಕೇಳಬೇಕು. ನನ್ನನ್ನು ಗದರಿದವರಲ್ಲಿ ಹಾಗೆ ಕೇಳಿದವರು ಕಡಿಮೆ.

ಮರುವರ್ಷದ ಆಯುಧಪೂಜೆ. ಮಿಕ್ಸಿಗೆ ಬೊಟ್ಟಿಟ್ಟ ಅತ್ತೆ ಗಂಧದ ಬಟ್ಟಲು ಹಿಡಿದು ನನ್ನತ್ತ ತಿರುಗಿದರು. "ನಿನ್ನ ಗಂಟಲಿಗೂ ಒಂದು ಇಡ್ಲೇನೆ? ಕಮ್ಮಿ ಆಗುತ್ತೇನೋ ನೋಡೋಣ."

ನಾನು ಕತ್ತು ಎತ್ತಿ ಹಿಡಿದೆ. "ಇಡಿ ಅತ್ತೆ. ಅದೂ ಆಯುಧಾನೇ."