ಮಂಕಿಯ ನಾಗಿ ಮತ್ತು ಮೀನೆಣ್ಣೆಯ ಬಾಟಲಿ

ಬೆಳಕು ಹರಿಯುವ ಮೊದಲೇ ಸೂಲಗಿತ್ತಿ ನಾಗಿ ಪರಮೇಶ್ವರಿಯ ಮಗುವಿನ ಎದೆಗೆ ಕಿವಿಯಿಟ್ಟು ಕೂತಿದ್ದಾಳೆ. ಆರು ತಿಂಗಳ ಗಂಡು. ಈ ಮನೆಯ ಮೊದಲೆರಡು ಮಕ್ಕಳು ಇದೇ ವಯಸ್ಸಿಗೆ, ಮಳೆಗಾಲದಲ್ಲೇ, ಕೆಮ್ಮಿ ಕೆಮ್ಮಿ ಎದೆ ಕಟ್ಟಿ ತೀರಿಹೋದವು. ಎರಡನ್ನೂ ಕೈಯಲ್ಲಿ ಹಿಡಿದು ಭೂಮಿಗೆ ತಂದವಳು ನಾಗಿಯೇ. "ಗೊರಗೊರ ಇಲ್ಲ. ಆತು," ಎಂದು ಏಳುತ್ತಾಳೆ.

ದಿನಕ್ಕೆ ಹನ್ನೊಂದು ಮನೆ, ಐದಾರು ಮೈಲಿ ನಡಿಗೆ. ಇಪ್ಪತ್ತೆರಡು ವರ್ಷಗಳ ಹೆರಿಗೆಗಳ ಲೆಕ್ಕ ಅವಳಿಗೇ ತಪ್ಪಿದೆ. ಕಳೆದ ವರ್ಷ, 1963ರಲ್ಲಿ, ಅವಳ ಚೀಲಕ್ಕೆ ದವಾಖಾನೆಯ ಶಾರ್ಕ್ ಮೀನಿನೆಣ್ಣೆ ಸೇರಿತು. ಬಸುರಿಗೆ ಒಂದು ಚಮಚ, ಮಗುವಿಗೆ ಕೆಲವು ಹನಿ. ಅದರಲ್ಲಿರುವ ಡಿ ಜೀವಸತ್ವದಿಂದ ಎಲುಬೂ ಎದೆಯೂ ಗಟ್ಟಿಯಾಗುತ್ತವೆ ಎಂಬುದು ನರ್ಸಬಾಯಿಯ ಪಾಠ.

ಆದರೆ ಪರಮೇಶ್ವರಿಯದು ಮೀನು ಮುಟ್ಟದ ಮನೆ. "ಮಾಣಿ ಬಾಯಿಗೆ ಮೀನೆಣ್ಣೆಯಾ? ಬೇಕಾದ್ರೆ ಮೈಗೆ ಹಚ್ಚು," ಎಂದರು ಅತ್ತೆ ಶ್ರೀಮತಿಯಮ್ಮ. ನಮ್ಮ ಕಡೆ ಮಗುವಿನ ಎಣ್ಣೆಯೆಂದರೆ ತಿಕ್ಕುವುದಕ್ಕೇ. ಸೊಸೆ ಬಸುರಿಯಿದ್ದಾಗಲೇ ಬಂದ ಬಾಟಲಿ ಬಚ್ಚಲು ದಾಟಿ ಒಳಗೆ ಬರಲಿಲ್ಲ. ನಾಗಿ ಮಗುವಿನ ಮೈಗೇ ಹಚ್ಚಿದಳು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನಲವತ್ತು ದಿನ ಬಾಣಂತಿ ಕೋಣೆಯ ಕತ್ತಲಲ್ಲಿ ಇರಬೇಕಾದ ಮಗುವನ್ನು, ನಾತ ತಾಳಲಾರದೆ, ದಿನಾ ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಮಲಗಿಸಿದರು. ಬೈಸಿಕೊಳ್ಳುವ ಹೆದರಿಕೆಗೆ ನಾಗಿ ಇದನ್ನು ನರ್ಸಬಾಯಿಗೆ ಹೇಳಲೇ ಇಲ್ಲ.

ಈಗ ಮಳೆ ಹಿಂದೆ ಸರಿಯುತ್ತಿದೆ. ಮಗುವಿಗೆ ಒಂದು ನೆಗಡಿಯೂ ಆಗಿಲ್ಲ. ಖುಷಿಯಿಂದ ಪರಮೇಶ್ವರಿಯ ಮನೆಗೇ ಬಂದ ನರ್ಸಬಾಯಿ, ಎಣ್ಣೆ ಕುಡಿಸಿದ ಬಗೆಯನ್ನು ಹೊನ್ನಾವರದ ಸೂಲಗಿತ್ತಿಯರ ಸಭೆಯಲ್ಲಿ ನಾಗಿಯೇ ಹೇಳಬೇಕು ಎನ್ನುತ್ತಾರೆ. ನಾಗಿ ನಿಜ ಹೇಳಿಬಿಡುತ್ತಾಳೆ.

"ಬಾಯೀ, ನಾ ಕುಡಿಸ್ಲೇ ಇಲ್ಲ. ಮೈಗೆ ಹಚ್ಚಿ ಬಿಸಿಲಿಗೆ ಮಲಗ್ಸಿದ್ದು."

"ಹಾಗಾದರೆ ಉಳಿಸಿದ್ದು ಬಿಸಿಲೋ?" ನರ್ಸಬಾಯಿಯೂ ಗಲಿಬಿಲಿಗೊಳ್ಳುತ್ತಾರೆ.

ಬಾಗಿಲ ಮರೆಯಲ್ಲಿ ನಿಂತಿದ್ದ ಪರಮೇಶ್ವರಿ ತಡೆಯಲಾರದೆ ಬಾಯಿಬಿಡುತ್ತಾಳೆ. "ಅತ್ತೆ, ಬೈಯಡಿ. ಬಸರಿಯಾಗಿದ್ದಾಗ ಆನು ಬಚ್ಚಲಲ್ಲಿ ನಿಂತು ದಿನಾ ಕುಡದಿದ್ದಿ. ಎರಡು ಹೋತು, ಇದೊಂದಾದ್ರೂ ಉಳಿಯಲಿ ಹೇಳಿ."

ಶ್ರೀಮತಿಯಮ್ಮ ನಾತವನ್ನೂ ಲೆಕ್ಕಿಸದೆ ಮೊಮ್ಮಗನನ್ನು ಎತ್ತಿ ಎದೆಗವಚಿಕೊಳ್ಳುತ್ತಾರೆ.

ಎಣ್ಣೆಯೋ, ಬಿಸಿಲೋ, ತಾಯಿ ಕುಡಿದದ್ದೋ? ಮುಂದಿನ ಮನೆಯ ದಾರಿಯುದ್ದಕ್ಕೂ ನಾಗಿಗೆ ಅದೇ ಗೊಂದಲ. ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾಳೆ:

"ಸಭೆಲಿ ನಂಗೆ ಗೊತ್ತಿಲ್ಲ ಹೇಳೇ ಹೇಳ್ತೆ. ಕಲ್ತವ್ರು ಯಾರಾದ್ರೂ ತಿಳಿಸ್ಲಿ. ಆ ಎರಡು ಮಕ್ಳಿಗೆ ನಾ ಎಂತ ಮಾಡ್ಬೇಕಾಗಿತ್ತು?"