ಬಿಳಿಯಾಗಿಯೇ ಉಳಿದ ಮಲ್ಲಿಗೆ

ಗಿರಾಕಿ ಬೈಯಲು ಬಂದರೆ ಕುರ್ಚಿ ಕೊಡು, ಹೊಗಳಲು ಬಂದರೆ ಮಾಲನ್ನು ಇನ್ನೊಮ್ಮೆ ನೋಡು. ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಹಾಜಬ್ಬ ಮಗಳು ಸೌದಾಳಿಗೆ ಬಿಟ್ಟುಹೋದ ಆಸ್ತಿ ಇಷ್ಟೇ. ಮಗಳು ಮೀನು ಬಿಟ್ಟು ಹೂವಿಗೆ ಬಂದಳು. ಒಣಗಿಸುವ ಕಸುಬನ್ನು ಮಾತ್ರ ಬಿಡಲಿಲ್ಲ.

ಕಲ್ಲಡ್ಕದ ಮನೆಯಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿಗಳ ಹಾಳೆಗಳ ನಡುವೆ ಹೂವಿಟ್ಟು, ಮಿಕ್ಸಿ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಗುಂಡುಕಲ್ಲನ್ನು ಮೇಲೇರಿಸುತ್ತಿದ್ದಳು. ಮಳೆಗಾಲದಲ್ಲಿ ಕಾಗದ ಬೆವರಿದರೆ ಫ್ರಿಜ್ಜಿನ ಬೆನ್ನಿನ ಬಿಸಿಗೆ ಒರಗಿಸುತ್ತಿದ್ದಳು. ಯಾವ ಹೂವಿನ ಗುಣ ಎಂಥದೆಂದು ಅವಳಿಗೆ ಗೊತ್ತು. ಶಂಖಪುಷ್ಪ ಕೊಟ್ಟ ಮಾತು ಉಳಿಸಿಕೊಳ್ಳುತ್ತದೆ. ದಾಸವಾಳ ಸಂಬಂಧಿಕರ ಹಾಗೆ, ಅಂಟಿಕೊಂಡರೆ ಬಿಡುವುದಿಲ್ಲ. ಮಲ್ಲಿಗೆಯಂತೂ ಒಂದು ಮಳೆಗಾಲ ಕಳೆಯುವುದರೊಳಗೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ನೆನಪಿನ ಹೂವನ್ನು ಲಾಕೆಟ್ಟಿನಲ್ಲಿ ಉಳಿಸಿಕೊಳ್ಳಲು ತಂದ ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡುತ್ತಿದ್ದಳು.

"ಮದುಮಗಳ ಹತ್ರ ಹೂ ಕಪ್ಪಾಗ್ತದೆ ಅಂತ ಹೇಳುವ ವ್ಯಾಪಾರಿ ನೀನೊಬ್ಳೇ ಮಾರಾಯ್ತಿ" ಎಂದು ಹಫ್ಸ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಫ್ಸ ಮದ್ರಸದ ಕಾಲದಿಂದ ಜೊತೆಗಿದ್ದವಳು, ನಾಲ್ಕು ಮನೆ ಆಚೆ ವಾಸ. ಹೂವಿನ ಮೇಲೆ ಹೊಯ್ದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಮುಟ್ಟಿದರೆ ಸೌದಾಳ ಕೈ ತುರಿಸಿ ಗುಳ್ಳೆ ಏಳುತ್ತಿತ್ತು. ಹಾಗಾಗಿ ಹೂ ಒತ್ತುವುದು ಇವಳು, ರೆಸಿನ್ ಹೊಯ್ದು ಲಾಕೆಟ್ ಮಾಡಿ ಕಳಿಸುವುದು ಅವಳು. ಗೆಳತಿಯ ಮನೆಗೆ ಹೋಗಿ ಪೊಟ್ಟಣ ಬಿಚ್ಚಿ ನೋಡುವ ಅಭ್ಯಾಸ ಸೌದಾಳಿಗೆ ಇರಲಿಲ್ಲ. ತೂಕದ ಕಲ್ಲನ್ನು ದಿನಾ ಯಾರು ತೂಗುತ್ತಾರೆ?

ಬೆಳುವಾಯಿಯ ಮೋಕ್ಷಿತಾ ಒಂದು ದಿನ ಹೊಗಳಲು ಬಂದಳು. ಅವಳ ಅಮ್ಮ ನೀಲಾವತಿ ಮಲ್ಲಿಗೆ ಕಟ್ಟಿ ಮಾರಿ ಮಗಳನ್ನು ಓದಿಸಿದವರು. ತೀರಿಕೊಳ್ಳುವ ಹಿಂದಿನ ಸಂಜೆ ಬಾಳೆನಾರಿನಲ್ಲಿ ಕಟ್ಟಿದ ತುಂಡು ಮಾಲೆಯನ್ನು ಮಗಳು ಕಳೆದ ವರ್ಷ ಸೌದಾಳ ಕೈಗಿತ್ತಿದ್ದಳು. ಅದರದೊಂದು ಹೂವು ಈಗ ಅವಳ ಕೊರಳಿನಲ್ಲಿತ್ತು.

"ನೋಡಿ ಸೌದಕ್ಕ, ನೀವು ಸುಮ್ನೆ ಹೆದರಿಸಿದ್ರಿ. ಮಳೆಗಾಲ ಮುಗೀತು, ಇನ್ನೂ ಬೆಳ್ಳಗೆ ಉಂಟು! ಚಿಕ್ಕಮ್ಮನ ಮಗಳಿಗೂ ಇಂಥದ್ದೇ ಬೇಕಂತೆ."

ಸೌದಾ ಲಾಕೆಟನ್ನು ಬೆಳಕಿಗೆ ಹಿಡಿದಳು. ಎಸಳುಗಳೆಲ್ಲ ಒಂದೇ ಅಳತೆ. ತೊಟ್ಟಿನ ಜಾಗದಲ್ಲಿ ಅಂಟಿನ ಚುಕ್ಕೆ. ದೇವರು ಇಷ್ಟು ಅಚ್ಚುಕಟ್ಟಾಗಿ ಹೂ ಮಾಡುವುದಿಲ್ಲ. ಪ್ಲಾಸ್ಟಿಕ್ ಕಾರ್ಖಾನೆ ಮಾಡುತ್ತದೆ.

"ಆಗ್ಲಿ, ತಿಳಿಸ್ತೇನೆ" ಎಂದಷ್ಟೇ ಹೇಳಿ ಕಳಿಸಿದಳು. ನೇರ ಹಫ್ಸಳ ಮನೆಗೆ ನಡೆದಳು.

ಹಫ್ಸ ಅಡಗಿಸಲೂ ಹೋಗಲಿಲ್ಲ. "ಅದು ಕಂದು ಬಣ್ಣಕ್ಕೆ ತಿರುಗ್ಲಿಕ್ಕೆ ಶುರುವಾಗಿತ್ತು. ತಾಯಿ ಇಲ್ಲದ ಹುಡುಗಿ, ನೋಡಿದ್ರೆ ಅಳ್ತಾ ಇದ್ಳು. ಬದಲಾಯಿಸಿದೆ. ಪುಣ್ಯದ ಕೆಲಸ."

"ನಿಜವಾದ ಹೂ ಎಲ್ಲಿ?"

"ಗುಡಿಸುವಾಗ ಹೋಯ್ತು. ಎಂತ ಈಗ, ಚಿನ್ನವಾ?"

"ಇದೊಂದೇಯಾ?"

ಹಫ್ಸ ನಕ್ಕಳು. "ಮಲ್ಲಿಗೆಯದ್ದು ಎಲ್ಲಾ. ಪುತ್ತಿಗೆಯ ಮದುಮಗಳು ನಿನ್ನನ್ನು ಹೊಗಳಿದ್ಲಲ್ಲ, ಆಗ ನೀನೂ ಕುಶಿಯಲ್ಲಿದ್ದೆ. ಸತ್ಯ ಹೇಳಿ ನೀನು ಗಿರಾಕಿ ಓಡಿಸುವುದು, ನಾನು ಹಿಂದಿನ ಬಾಗಿಲಿಂದ ಕರ್ಕೊಂಡು ಬರುವುದು."

ಆ ಹೊಗಳಿಕೆ ಕೇಳಿ ತಾನೂ ಬಿರಿಯಾನಿ ಮಾಡಿದ್ದು, ಮೊದಲ ತಟ್ಟೆ ಹಫ್ಸಳಿಗೇ ಕೊಟ್ಟದ್ದು ಸೌದಾಳಿಗೆ ನೆನಪಾಯಿತು. ಉಪ್ಪು ಸಾಲದು ಎಂದಿದ್ದಳು ಬೇರೆ.

ಒಂದು ಹೂ ಮುರಿದರೆ ಇರಲಿ ಎಂದು ಅದೇ ಮಾಲೆಯ ಇನ್ನೊಂದನ್ನು ಒತ್ತಿಡುವುದು ಸೌದಾಳ ಪದ್ಧತಿ. ಡೈರೆಕ್ಟರಿಯನ್ನು ಮಗುಚಿ ಹುಡುಕಿದಳು. ಯಾರೂ ಫೋನ್ ಮಾಡದ ನಂಬರುಗಳ ಮೇಲೆ ಅದು ಮಲಗಿತ್ತು: ಚಹಾದ ಬಣ್ಣ, ಒಂದು ಎಸಳು ಮಡಚಿತ್ತು, ಬುಡದಲ್ಲಿ ನೀಲಾವತಿ ಬಿಗಿದ ನಾರಿನ ಗಂಟು. ಮರುದಿನವೇ ಅದನ್ನು ಕಾಗದದಲ್ಲಿ ಮಡಚಿಕೊಂಡು ಮೂಡಬಿದಿರೆಗೆ ಹೋಗಿ, ಅಲ್ಲಿಂದ ಬೆಳುವಾಯಿಯ ಬಸ್ಸು ಹತ್ತಿದಳು.

ಮೋಕ್ಷಿತಾ ನಡೆದದ್ದನ್ನೆಲ್ಲ ಕೇಳುತ್ತ ಕೇಳುತ್ತ ಲಾಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದಳು.

"ದಿನಾ ಮಲಗುವಾಗ ಇದಕ್ಕೆ ಮುತ್ತು ಕೊಡ್ತಿದ್ದೆ ಸೌದಕ್ಕ."

"ನನಗೆ ಗೊತ್ತಿರ್ಲಿಲ್ಲ ಮಗಾ."

ಹೇಳಿದ ಮೇಲೆ ಸೌದಾಳಿಗೇ ನಾಚಿಕೆಯಾಯಿತು. ಸಂತೆಯಲ್ಲಿ ಕೊಳೆತ ಮೀನು ಮಾರಿದವನೂ ಇದೇ ಮಾತು ಹೇಳುತ್ತಾನೆ.

"ಮತ್ತೆ ಇದಾದ್ರೂ ಅಮ್ಮನದ್ದು ಅಂತ ಹೇಗೆ ನಂಬುವುದು?"

ಸೌದಾ ಕಾಗದದ ಮಡಿಕೆಯನ್ನು ಮುಂದಿಟ್ಟಳು. ಹುಡುಗಿ ಕಾಗದ ಬಿಚ್ಚಿದಳು. ಕಂದು ಹೂವನ್ನು ದಾಟಿ ಅವಳ ಉಗುರು ಗಂಟಿನ ಮೇಲೆ ನಿಂತಿತು. ಬಾಳೆನಾರನ್ನು ಎಡಕ್ಕೆ ಸುತ್ತಿ ಕಟ್ಟಿದ್ದರು; ನೀಲಾವತಿ ಎಡಗೈಯವರು. ಮೋಕ್ಷಿತಾ ಗಂಟನ್ನು ಬೆರಳ ತುದಿಯಿಂದ ಸವರಿದಳು. ಆಮೇಲೆ ಕೊರಳಿನ ಲಾಕೆಟ್ ಬಿಚ್ಚಿ ಸೌದಾಳ ಅಂಗೈಯಲ್ಲಿಟ್ಟಳು.

"ಇದಕ್ಕೆ ರೆಸಿನ್ ಬೇಡ. ಹೀಗೇ ಇರ್ಲಿ. ಯಾರ ಕೈಗೂ ಕೊಡುವುದಿಲ್ಲ ಇನ್ನು."

'ಯಾರ' ಎಂಬುದರಲ್ಲಿ ತಾನೂ ಸೇರಿದ್ದೇನೆಂದು ಸೌದಾಳಿಗೆ ತಿಳಿಯಿತು.

ಈಗ ಅವಳೇ ಗ್ಲೌಸ್ ಹಾಕಿಕೊಂಡು ರೆಸಿನ್ ಹೊಯ್ಯುತ್ತಾಳೆ. ಆದರೂ ಮಣಿಕಟ್ಟು ತುರಿಸುತ್ತದೆ. ಹಫ್ಸ ತನ್ನದೇ ವ್ಯಾಪಾರ ಶುರುಮಾಡಿದ್ದಾಳೆ, ಚೆನ್ನಾಗಿಯೇ ನಡೆಯುತ್ತಿದೆ. ಸೌದಾಳಲ್ಲಿಗೆ ಬಂದ ಗಿರಾಕಿಗಳು ಮಲ್ಲಿಗೆ ಮುಂದಿಟ್ಟು, ಅವಳು ಬಾಯಿ ತೆರೆಯುವ ಮೊದಲೇ ಹೇಳುತ್ತಾರೆ:

"ಹಫ್ಸಕ್ಕ ಮಾಡ್ತಾರಲ್ಲ, ಹಾಗೆ ಬೆಳ್ಳಗೆ ಇರ್ಲಿ, ಆಯ್ತಾ?"