ಕರವಸ್ತ್ರದ ಜಗಳ

ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಸೀಟಿನ ಮೇಲೆ ಕರವಸ್ತ್ರ ಬಿತ್ತೆಂದರೆ ಸೀಟು ರಿಜಿಸ್ಟರ್ ಆದಂತೆ. ನನ್ನ ಕರವಸ್ತ್ರವನ್ನೇ ಬದಿಗೆ ಸರಿಸಿ ಕಿಟಕಿ ಪಕ್ಕ ಕೂತವನು ಮಂಗಳೂರಿನ ಪಿಂಟೋ, ಹತ್ತು ವರ್ಷದ ರೈಲು ಸ್ನೇಹಿತ! ಒಂದು ತಿಂಗಳು ಮಾತು ಬಿಟ್ಟೆ.

ಕೊನೆಗೊಂದು ಭಾನುವಾರ ಬೆಳಿಗ್ಗೆ ಪಿಂಟೋ ಇಸ್ತ್ರಿ ಅಂಗಿ ತೊಟ್ಟು ನಮ್ಮ ಬಾಗಿಲಿಗೇ ಬಂದ.

"ಭಟ್ರೇ, ತಪ್ಪು ನನ್ನದೇ. ಚರ್ಚಿನಲ್ಲಿ ಪೂಜೆಯ ಮಧ್ಯೆ ಎದ್ದು ಬಂದೆ."

"ಮುಗಿಸಿಯೇ ಬರಬಹುದಿತ್ತಲ್ಲ ಮಾರಾಯ್ರೆ?"

"ಯಾರಿಗಾದರೂ ನಿನ್ನ ಮೇಲೆ ಸಿಟ್ಟಿದ್ದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ರಾಜಿಯಾಗಿ ಬಾ ಅಂತ ಯೇಸುವೇ ಹೇಳಿದ್ದಾರೆ. ಬೇಗ ಕ್ಷಮಿಸಿ, ಪೂಜೆ ಮುಗಿಯುವುದರೊಳಗೆ ವಾಪಸ್ ಹೋಗಬೇಕು!"

ಇಷ್ಟು ಅವಸರದವನ ಮುಂದೆ ಸಿಟ್ಟು ನಿಲ್ಲುವುದುಂಟೇ? ನಕ್ಕುಬಿಟ್ಟೆ.

ಸೋಮವಾರ ಕಿಟಕಿ ಸೀಟು ಖಾಲಿಯಿತ್ತು. "ನೀವು ಕೂತ್ಕೊಳ್ಳಿ" ಅಂದ. "ಛೆ, ನೀವೇ" ಅಂದೆ. ನಮ್ಮ ಸೌಜನ್ಯ ಮುಗಿಯುವಷ್ಟರಲ್ಲಿ ಮೂರನೆಯವನೊಬ್ಬ ಅಲ್ಲಿ ಕೂತು ಗೊರಕೆ ಹೊಡೆಯುತ್ತಿದ್ದ.